4051ರಿಂದ 4100: ಒಂದು ರಸೀದಿ ಪುಸ್ತಕ ಎರಡು ಶಾಖೆಗಳ ಪಾಲಾದ ಪ್ರಕರಣ

ಆಗಸ್ಟ್ ಮೊದಲ ವಾರ ಶಿರಸಿಯ ಒಂದು ಪತ್ತಿನ ಸಹಕಾರಿಯ ಕಾರ್ಯದರ್ಶಿಯವರು ಫೋನ್ ಮಾಡಿದರು. ಅವರ ಲೆಕ್ಕಪತ್ರದ ತಂತ್ರಾಂಶ ಬರೆದವನು ನಾನು. ಐದು ವರ್ಷದಿಂದ ಅದರ ಗುಣದೋಷಗಳಿಗೆಲ್ಲ ನಾನೇ ಹೊಣೆ.

"ತಮ್ಮಾ, ಕಾರವಾರ ಶಾಖೆಯಲ್ಲಿ 41,650 ರೂಪಾಯಿ ಕಡಿಮೆ ಬೀಳುತ್ತಿದೆ. ಅಲ್ಲಿಯ ಕ್ಯಾಶಿಯರ್ ಕೇಳಿದರೆ ತಾನು ಅಷ್ಟು ವಸೂಲಿಯನ್ನೇ ಮಾಡಿಲ್ಲ ಎನ್ನುತ್ತಾರೆ. ಆಡಳಿತ ಮಂಡಳಿಯಲ್ಲಿ ಇಬ್ಬರು ಆಗಲೇ ಬೇರೆ ಮಾತು ಶುರು ಮಾಡಿದ್ದಾರೆ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ."

ಒಪ್ಪದಿರುವುದಕ್ಕೆ ಅವರು ಕೊಟ್ಟ ಕಾರಣ ಲೆಕ್ಕಪತ್ರದ್ದಲ್ಲ, ಕಡಲಿನದು. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಕಾರವಾರ ಶಾಖೆಯ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೀನಿನ ವ್ಯವಹಾರದವರು. ಪ್ರತಿ ವರ್ಷ ಆ ಎರಡು ತಿಂಗಳು ಅಲ್ಲಿಯ ಸಾಲ ವಸೂಲಿ ತಳ ಹಿಡಿಯುತ್ತದೆ. ಈ ಬಾರಿ ಮಾತ್ರ ಗಣಕಯಂತ್ರದ ವರದಿಯಲ್ಲಿ ವಸೂಲಿ ಏರಿತ್ತು. "ದೋಣಿ ದಡದಲ್ಲಿರುವಾಗ ಕಂತು ಕಟ್ಟಿದ ಪುಣ್ಯಾತ್ಮರು ಯಾರು, ಅದನ್ನು ನೋಡು" ಎಂದರು.

ನೋಡಿದೆ. ಆ ಪುಣ್ಯಾತ್ಮರೆಲ್ಲ ಕುಮಟಾದವರು.

ಹಣ ಎಲ್ಲಿಗೂ ಹೋಗಿರಲಿಲ್ಲ

ಇಲ್ಲಿ ಆ ಸಹಕಾರಿಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಮುಖ್ಯ ಕಚೇರಿ ಶಿರಸಿಯಲ್ಲಿ. ಘಟ್ಟದ ಕೆಳಗೆ ಕುಮಟಾ ಮತ್ತು ಕಾರವಾರದಲ್ಲಿ ಒಂದೊಂದು ಶಾಖೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಕೂರುವಂತಿಲ್ಲವಾದ್ದರಿಂದ ಕೈಬರಹದ ರಸೀದಿ ಪುಸ್ತಕವನ್ನು ಅವರು ಬಿಟ್ಟಿಲ್ಲ. ಪ್ರತಿ ಪುಸ್ತಕದಲ್ಲಿ 50 ಹಾಳೆ, ಒಂದು ಮೂಲ ಪ್ರತಿ, ಕೆಳಗೆ ಕಾರ್ಬನ್ ಇಟ್ಟು ತೆಗೆದ ನಕಲು. ನಕಲುಗಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಶಿರಸಿಗೆ ಬರುತ್ತವೆ. ದೇವಿಮನೆ ಘಟ್ಟದಲ್ಲಿ ಧರೆ ಕುಸಿದ ವಾರ ಬರುವುದಿಲ್ಲ. ಮುಖ್ಯ ಕಚೇರಿಯ ಹುಡುಗಿ ರಸೀದಿ ಸಂಖ್ಯೆ, ಸದಸ್ಯ ಸಂಖ್ಯೆ, ಮೊತ್ತ ಇಷ್ಟನ್ನು ಒತ್ತಿದರೆ ಸಾಕು. ಯಾವ ಶಾಖೆಯದು ಎನ್ನುವುದನ್ನು ರಸೀದಿ ಸಂಖ್ಯೆಯಿಂದಲೇ ತಂತ್ರಾಂಶ ಕಂಡುಕೊಳ್ಳುತ್ತದೆ. ಆ ಸಂಖ್ಯೆ ಯಾವ ಪುಸ್ತಕದ ಒಳಗೆ ಬರುತ್ತದೆ, ಆ ಪುಸ್ತಕವನ್ನು ಯಾವ ಶಾಖೆಗೆ ಕೊಡಲಾಗಿದೆ ಎಂದು ನೋಡಿದರಾಯಿತು. ಒತ್ತುವ ಕೆಲಸ ಒಂದು ಕಡಿಮೆಯಾಯಿತು ಎಂದು ನಾನು ಹೆಮ್ಮೆಯಿಂದ ಮಾಡಿಕೊಟ್ಟಿದ್ದ ಅನುಕೂಲ ಅದು.

ಏಪ್ರಿಲ್‌ನಲ್ಲಿ ಕುಮಟಾ ಶಾಖೆಯ ಪುಸ್ತಕ ಅವಸರಕ್ಕೆ ಮುಗಿಯಿತು. ಮುದ್ರಣಾಲಯದಿಂದ ಬಂದಿದ್ದ ಐದು ಪುಸ್ತಕಗಳ ಕಟ್ಟಿನಿಂದ ಕೈಗೆ ಸಿಕ್ಕ ಒಂದನ್ನು ಎಳೆದು, ಕೆಳಗೆ ಹೋಗುವವರ ಕೈಯಲ್ಲಿ ಕಳುಹಿಸಿದರು. ಅದು 4051ರಿಂದ 4100ರದು. ತಂತ್ರಾಂಶದಲ್ಲಿ ಸರಿಯಾಗಿಯೇ ದಾಖಲಾಯಿತು. ಮೇ ಕೊನೆಗೆ ಮಳೆಗಾಲದ ಸಿದ್ಧತೆ ಎಂದು ಉಳಿದ ಕಟ್ಟನ್ನು ಕಾರವಾರಕ್ಕೆ ಕಳುಹಿಸುವಾಗ, ಅಂದು ಆ ಮೇಜಿನಲ್ಲಿ ಕುಳಿತಿದ್ದವರು ಕಟ್ಟಿನ ಮೇಲಿನ ಚೀಟಿಯನ್ನು ನೋಡಿ ಹಾಗೆಯೇ ಒತ್ತಿದರು: 4001ರಿಂದ 4250. ಒಳಗೆ ಐದಲ್ಲ, ನಾಲ್ಕೇ ಪುಸ್ತಕ ಇದ್ದವು. ತಂತ್ರಾಂಶ ತಡೆಯಬೇಕಾಗಿತ್ತು. ತಡೆಯಲಿಲ್ಲ.

ಅಲ್ಲಿಂದ 4051ರಿಂದ 4100ರ ವರೆಗಿನ ಪ್ರತಿ ಸಂಖ್ಯೆಗೂ ಇಬ್ಬರು ಒಡೆಯರಾದರು. ಹುಡುಕುವ ಸಂಕೇತ (ತಂತ್ರಾಂಶದ ಕೋಡ್) ಪುಸ್ತಕಗಳನ್ನು ಮೊದಲ ಸಂಖ್ಯೆಯ ಕ್ರಮದಲ್ಲಿ ನೋಡಿ, ಸಿಕ್ಕ ಮೊದಲನೆಯದನ್ನು ಹಿಡಿಯುತ್ತಿತ್ತು. 4001 ಎನ್ನುವುದು 4051ಕ್ಕಿಂತ ಮೊದಲು. ಹಾಗಾಗಿ ಜೂನ್, ಜುಲೈನಲ್ಲಿ ಕುಮಟಾದವರು ಹರಿದ 4073ರಿಂದ 4089ರ ವರೆಗಿನ ರಸೀದಿಗಳೆಲ್ಲ ಕಾರವಾರದ ಜಮಾಕ್ಕೆ ಬಿದ್ದವು. (ಇವು ಎಷ್ಟು ಎಂದು ಮೊದಲು ಲೆಕ್ಕ ಹಾಕಿದಾಗ ನಾನು 16 ಎಂದೆ. 17. ಎರಡೂ ತುದಿ ಸೇರುವ ಕಡೆ ಕಳೆದ ಮೇಲೆ ಒಂದನ್ನು ಕೂಡಿಸಬೇಕು.)

ಸದಸ್ಯರ ಖಾತೆಗಳು ಸರಿಯಾಗಿಯೇ ಇದ್ದವು, ಏಕೆಂದರೆ ಸದಸ್ಯ ಸಂಖ್ಯೆಯನ್ನು ಕೈಯಿಂದಲೇ ಒತ್ತುತ್ತಿದ್ದರು. ಹಾಗಾಗಿ ಯಾವ ಸದಸ್ಯನೂ ದೂರು ತರಲಿಲ್ಲ. ಕುಮಟಾದಲ್ಲಿ ಅಷ್ಟೇ ಮೊತ್ತ ಹೆಚ್ಚು ಕಂಡಿತ್ತು; ಅಲ್ಲಿಯ ವ್ಯವಸ್ಥಾಪಕರು ಆಮೇಲೆ ನೋಡೋಣ ಎಂದು ಅದನ್ನು ಅನಾಮತ್ತು ಖಾತೆಗೆ ಹಾಕಿ ಕೈತೊಳೆದುಕೊಂಡಿದ್ದರು. ಹೆಚ್ಚು ಬಂದರೆ ಅನಾಮತ್ತು, ಕಡಿಮೆ ಬಂದರೆ ಕ್ಯಾಶಿಯರ್ ಮೇಲೆ ಗುಮಾನಿ. ಇದು ಒಂದು ಸಹಕಾರಿಯ ರೋಗವಲ್ಲ, ಆದರೆ ಆ ಚರ್ಚೆ ಇಲ್ಲಿ ಬೇಡ.

ಹದಿಮೂರರಲ್ಲಿ ಒಂದು

ಹೊಸ ಪುಸ್ತಕ ದಾಖಲಿಸುವಾಗ ಹಳೆಯ ಪ್ರತಿ ಪುಸ್ತಕದೊಂದಿಗೆ ಹೋಲಿಸಲು ನಾನು ಬರೆದಿದ್ದ ಷರತ್ತು ಕನ್ನಡದಲ್ಲಿ ಹೀಗಿದೆ:

ಹೊಸ.ಮೊದಲು ಎಂಬುದು ಹಳೆ.ಮೊದಲು ಮತ್ತು ಹಳೆ.ಕೊನೆಗಳ ನಡುವೆ ಇದೆ
ಅಥವಾ
ಹೊಸ.ಕೊನೆ ಎಂಬುದು ಹಳೆ.ಮೊದಲು ಮತ್ತು ಹಳೆ.ಕೊನೆಗಳ ನಡುವೆ ಇದೆ

ಓದಲು ಎಷ್ಟು ಸಹಜ! ಹೊಸಬನ ತಲೆಯೋ ಬಾಲವೋ ಹಳಬನ ಜಾಗದೊಳಗೆ ತೂರಿದ್ದರೆ ತಕರಾರು. ಈಗ ಸಂಖ್ಯೆ ಹಾಕಿ ನೋಡಿ. 4001 ಎನ್ನುವುದು 4051 ಮತ್ತು 4100ರ ನಡುವೆ ಇದೆಯೇ? ಇಲ್ಲ. 4250 ಇದೆಯೇ? ಇಲ್ಲ. ತಕರಾರಿಲ್ಲ, ಒಳಗೆ ಬಾ. ತಲೆ ಆ ಕಡೆ, ಬಾಲ ಈ ಕಡೆ. ಹಳಬನನ್ನು ಇಡಿಯಾಗಿ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡು ಬಂದವನನ್ನು ನನ್ನ ಕಾವಲುಗಾರ ನೋಡಲೇ ಇಲ್ಲ.

ಎರಡು ವ್ಯಾಪ್ತಿಗಳು, ಅಂದರೆ ಮೊದಲು-ಕೊನೆ ಇರುವ ಎರಡು ಸಾಲುಗಳು, ಒಂದರ ಎದುರು ಒಂದು ಎಷ್ಟು ಬಗೆಯಲ್ಲಿ ಇರಬಹುದು ಎಂದು ಗಣಕ ವಿಜ್ಞಾನಿ ಜೇಮ್ಸ್ ಅಲೆನ್ 1983ರಲ್ಲಿ ಪಟ್ಟಿ ಮಾಡಿದ್ದಾರೆ. ಒಟ್ಟು 13. ಅವರು ನೋಡಿದ್ದು ಕಾಲದ ಅವಧಿಗಳನ್ನು, ಆದರೆ ಚಿತ್ರ ಒಂದೇ. ಬೇಕಾದರೆ ಉದ್ದ ಬೇರೆ ಬೇರೆ ಇರುವ ಎರಡು ಅಡಿಕೆ ದಬ್ಬೆ ತೆಗೆದುಕೊಂಡು ಒಂದನ್ನು ಇನ್ನೊಂದರ ಪಕ್ಕದಲ್ಲಿ ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ: ದೂರ, ತುದಿಗೆ ತುದಿ ತಾಗಿ, ಭಾಗಶಃ ಮೇಲೆ, ಒಂದು ತುದಿ ಸಮನಾಗಿ, ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗಿನಿಂದ ಆವರಿಸಿ, ಮತ್ತೆ ಅದೇ ಸಾಲು ತಿರುಗಿ. ಉದ್ದ ಒಂದೇ ಆಗಿ ಎರಡೂ ತುದಿ ಸೇರಿದರೆ ಅದು ಹದಿಮೂರನೆಯದು. ಆ ಸಂಜೆ ನಾನು 13ನ್ನೂ ಹಾಳೆಯ ಮೇಲೆ ಬರೆದು ನನ್ನ ಷರತ್ತನ್ನು ಒಂದೊಂದಕ್ಕೂ ಹಚ್ಚಿ ನೋಡಿದೆ. ಹನ್ನೆರಡಕ್ಕೆ ಸರಿ ಉತ್ತರ. ತಪ್ಪಿದ್ದು ಒಂದಕ್ಕೆ: ಹೊಸದು ಹಳೆಯದನ್ನು ಎರಡೂ ಕಡೆಯಿಂದ ದಾಟಿ ಆವರಿಸಿದಾಗ.

ಹಾಗಾದರೆ ಐದು ವರ್ಷ ಇದು ಹೇಗೆ ಬಚಾವಾಯಿತು? ಉತ್ತರ ಸಿಕ್ಕಾಗ ನನಗೆ ನಗು ಬಂತು. ಅಲ್ಲಿಯ ವರೆಗೆ ಎಲ್ಲರೂ ಪುಸ್ತಕಗಳನ್ನು ಒಂದೊಂದಾಗಿ ದಾಖಲಿಸುತ್ತಿದ್ದರು. ಪ್ರತಿಯೊಂದೂ 50 ಹಾಳೆ. ಒಂದೇ ಉದ್ದದ ಎರಡು ದಬ್ಬೆಗಳಲ್ಲಿ ಒಂದು ಇನ್ನೊಂದನ್ನು ಎರಡೂ ಕಡೆ ದಾಟಲು ಸಾಧ್ಯವೇ ಇಲ್ಲ. ಹದಿಮೂರರಲ್ಲಿ ತಪ್ಪಿಸಿಕೊಂಡ ಆ ಒಬ್ಬ ಕಳ್ಳ ಹುಟ್ಟುವ ಜಾಗವೇ ಇರಲಿಲ್ಲ. ಕಟ್ಟನ್ನು ಇಡಿಯಾಗಿ ಒತ್ತಿದ ದಿನ ಮೊದಲ ಬಾರಿಗೆ 250ರ ಉದ್ದದ ವ್ಯಾಪ್ತಿ ಬಂತು. ನಾನು ಪರೀಕ್ಷೆಗೆ ಬಳಸಿದ್ದ ಉದಾಹರಣೆಗಳೂ 50-50ರವೇ.

ಮೊದಲು ಹೊಳೆದ ಪರಿಹಾರ ತೇಪೆ ಹಾಕುವುದು. ಮೂರನೆಯದೊಂದು ‘ಅಥವಾ’ ಸೇರಿಸಿ, ಹಳೆ.ಮೊದಲು ಹೊಸದರ ಒಳಗಿದೆಯೇ ಎಂದೂ ಕೇಳಿದರೆ ಮುಗಿಯಿತು. ಅದು ತಪ್ಪಲ್ಲ. ಕೆಲಸ ಮಾಡುತ್ತದೆ. ಆದರೆ ಮೂರು ಷರತ್ತುಗಳ ಸಾಲನ್ನು ಎರಡು ವರ್ಷದ ನಂತರ ಓದುವವನು, ಅಂದರೆ ನಾನೇ, ಇನ್ನೊಂದು ಬಿಟ್ಟುಹೋಗಿದೆಯೇ ಎಂದು ಮತ್ತೆ ದಬ್ಬೆ ಹುಡುಕಬೇಕಾಗುತ್ತದೆ.

ದಾಸ್ತಾನು ಪುಸ್ತಕದವರ ಮಾತು

ಮರುದಿನ ಶಿರಸಿಗೆ ಹೋದೆ. ಆ ಸಹಕಾರಿಯಲ್ಲಿ ನಿವೃತ್ತರಾದ ಮೇಲೂ ದಿನ ಬಿಟ್ಟು ದಿನ ಬಂದು ದಾಸ್ತಾನು ಪುಸ್ತಕ ಬರೆಯುವ ಹಿರಿಯ ಗುಮಾಸ್ತರೊಬ್ಬರಿದ್ದಾರೆ. ಗಣಕಯಂತ್ರದ ಬಗ್ಗೆ ಅವರಿಗೆ ದ್ವೇಷವಿಲ್ಲ, ಸಲಿಗೆಯೂ ಇಲ್ಲ. ಕಷಾಯ ಕುಡಿಯುತ್ತಾ ಕೇಳಿದೆ: "ಮಾವ, ಎರಡು ಪುಸ್ತಕದ ನಂಬರು ಒಂದರ ಮೇಲೊಂದು ಬಂದಿಲ್ಲ ಎಂದು ನೀವು ಹೇಗೆ ನೋಡುತ್ತೀರಿ?"

"ಅದರಲ್ಲೇನು ನೋಡುವುದು? ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗಿರಬೇಕು. ಇಲ್ಲದಿದ್ದರೆ ಗಲಾಟೆ."

ಇಷ್ಟೇ. ನಾನು ಗಲಾಟೆಯ ಬಗೆಗಳನ್ನು ಎಣಿಸುತ್ತಾ ಕುಳಿತಿದ್ದೆ; ಅವರು ಗಲಾಟೆ ಇಲ್ಲದಿರುವುದನ್ನು ಮಾತ್ರ ಎಣಿಸುತ್ತಿದ್ದರು. ಗಲಾಟೆಗೆ ಬಗೆಗಳು ಹಲವು. ಗಲಾಟೆ ಇಲ್ಲದಿರುವುದಕ್ಕೆ ಎರಡೇ ದಾರಿ: ಹಳೆಯದು ಮುಗಿದ ಮೇಲೆ ಹೊಸದು ಶುರು, ಇಲ್ಲವೇ ಹೊಸದು ಮುಗಿದ ಮೇಲೆ ಹಳೆಯದು ಶುರು. ಸಂಕೇತದಲ್ಲಿ:

ಹಳೆ.ಕೊನೆ < ಹೊಸ.ಮೊದಲು ಅಥವಾ ಹೊಸ.ಕೊನೆ < ಹಳೆ.ಮೊದಲು

ಇದು ಸುಳ್ಳಾದರೆ ಎರಡೂ ಒಂದರ ಮೇಲೊಂದು ಬಂದಿವೆ. ಇಲ್ಲಿಗೇ ನಿಲ್ಲಿಸಿ ಮುಂದೆ ‘ಅಲ್ಲ’ ಎಂದು ಸೇರಿಸಿದರೂ ಸಾಕು. ಆದರೆ ಅದನ್ನು ಬಿಡಿಸಿ ಬರೆದರೆ ಇನ್ನೂ ಚಂದ:

ಹಳೆ.ಮೊದಲು <= ಹೊಸ.ಕೊನೆ ಮತ್ತು ಹೊಸ.ಮೊದಲು <= ಹಳೆ.ಕೊನೆ

4051 ಎನ್ನುವುದು 4250ಕ್ಕಿಂತ ಕಡಿಮೆ, 4001 ಎನ್ನುವುದು 4100ಕ್ಕಿಂತ ಕಡಿಮೆ. ಎರಡೂ ನಿಜ, ಸಿಕ್ಕಿಬಿದ್ದ. ಹದಿಮೂರು ಬಗೆಗೂ ಈ ಒಂದೇ ಸಾಲು ಉತ್ತರ ಕೊಡುತ್ತದೆ. ಎಡಬಲ ಅದಲು ಬದಲು ಮಾಡಿದರೂ ಅದೇ ಸಾಲಾಗಿ ಉಳಿಯುವುದರಿಂದ ಯಾವುದು ಹಳೆಯದು, ಯಾವುದು ಹೊಸದು ಎಂಬ ಚಿಂತೆಯೂ ಇಲ್ಲ.

ಬಿಡಿಸುವಾಗ ಒಂದು ಎಡವಟ್ಟು ಮಾಡಿಕೊಂಡೆ. ನಿರಾಕರಣೆ ಒಳಗೆ ಹೋದಾಗ ‘<’ ತಿರುಗಿ ‘>=’ ಆಗುವುದರ ಜೊತೆಗೆ ನಡುವಿನ ‘ಅಥವಾ’ ಕೂಡ ‘ಮತ್ತು’ ಆಗಬೇಕು. ಈ ನಿಯಮಕ್ಕೆ ಹೆಸರು ಕೊಟ್ಟ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ಮದುರೆಯಲ್ಲಿ. ನೆರೆಯೂರಿನವನ ನಿಯಮ, ಕಾಲೇಜಿನಲ್ಲಿ ಕಲಿತದ್ದು, ಆದರೂ ಅವಸರದಲ್ಲಿ ‘ಅಥವಾ’ವನ್ನು ಹಾಗೆಯೇ ಬಿಟ್ಟೆ. ಪರಿಣಾಮ ತಕ್ಷಣ ಕಂಡಿತು: ತಂತ್ರಾಂಶ ಯಾವ ಹೊಸ ಪುಸ್ತಕವನ್ನೂ ಒಳಗೆ ಬಿಡಲಿಲ್ಲ. ಒಂದು ವ್ಯಾಪ್ತಿ ಇನ್ನೊಂದಕ್ಕಿಂತ ಮೊದಲೂ ಇದ್ದು ನಂತರವೂ ಇರಲಾರದಷ್ಟೆ. ಹಾಗಾಗಿ ‘ಅಥವಾ’ ಇಟ್ಟ ಷರತ್ತು ಯಾವಾಗಲೂ ನಿಜ. ಕಾವಲುಗಾರ ಮೊದಲು ಕುರುಡನಾಗಿದ್ದ, ಈಗ ಹುಚ್ಚನಾದ. ಕುರುಡನಿಗಿಂತ ಹುಚ್ಚ ವಾಸಿ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸಭಾಭವನ ಮತ್ತು ರಾತ್ರಿಯ ಆಟ

ಅದೇ ತಪ್ಪು ಷರತ್ತನ್ನು ನಾನು ಇನ್ನೊಂದು ಕಡೆಯೂ ನಕಲು ಮಾಡಿದ್ದೆ. ಸಹಕಾರಿಗೆ ಒಂದು ಸಭಾಭವನವಿದೆ. ಉಪನಯನ, ತಾಳಮದ್ದಳೆ, ಯಕ್ಷಗಾನ, ವಾರ್ಷಿಕ ಸಭೆ ಎಲ್ಲಕ್ಕೂ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಹೊಸ ಸಾಲನ್ನು ಹಾಗೆಯೇ ಅಂಟಿಸುವಂತಿರಲಿಲ್ಲ. ರಸೀದಿ 4100 ಒಂದು ಹಾಳೆ. ಅದು ಎರಡು ಪುಸ್ತಕದಲ್ಲಿದ್ದರೆ ತಪ್ಪು. ಆದರೆ ಒಬ್ಬರು ಮಧ್ಯಾಹ್ನ 2 ಗಂಟೆಗೆ ಬಿಟ್ಟು ಇನ್ನೊಬ್ಬರು 2 ಗಂಟೆಗೆ ಹಿಡಿದರೆ ತಪ್ಪಲ್ಲ. ಅಲ್ಲಿ ‘<=’ ಇದ್ದಲ್ಲಿ ಬರೀ ‘<’ ಬೇಕು: ಮೊದಲ ತುದಿ ಸೇರಿ, ಕೊನೆಯ ತುದಿ ಬಿಟ್ಟು. ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರ ಒಂದು ಪುಟ್ಟ ಟಿಪ್ಪಣಿಯಲ್ಲಿ ಸಂಖ್ಯೆಗಳ ಸಾಲಿಗೂ ಈ ಪದ್ಧತಿಯೇ ಒಳ್ಳೆಯದು ಎಂದು ವಾದಿಸಿದ್ದಾರೆ. ಕೊನೆಯಿಂದ ಮೊದಲನ್ನು ಕಳೆದರೆ ಉದ್ದ ನೇರವಾಗಿ ಸಿಗುತ್ತದೆ, ನನ್ನ 16-17ರ ಗೊಂದಲ ಹುಟ್ಟುವುದಿಲ್ಲ. ಒಪ್ಪುತ್ತೇನೆ. ಆದರೆ ಪುಸ್ತಕದ ರಟ್ಟಿನ ಮೇಲೆ 4051–4100 ಎಂದು ಅಚ್ಚಾಗಿರುವಾಗ ಪರದೆಯ ಮೇಲೆ 4101 ಎಂದು ಒತ್ತಿ ಎಂದು ಗುಮಾಸ್ತರಿಗೆ ಹೇಳುವ ಧೈರ್ಯ ನನಗಿಲ್ಲ.

ಯಕ್ಷಗಾನದ್ದು ಬೇರೆಯೇ ಕಥೆ. ಇಡೀ ರಾತ್ರಿಯ ಆಟಕ್ಕೆ ರಾತ್ರಿ 9ರಿಂದ ಬೆಳಿಗ್ಗೆ 6 ಎಂದು ಬರೆದಿರುತ್ತಾರೆ. ನಾನು ದಿನಾಂಕವನ್ನು ಒಂದು ಕಡೆ, ಗಂಟೆಗಳನ್ನು ಮಾತ್ರ ಇನ್ನೊಂದು ಕಡೆ ಇಟ್ಟಿದ್ದೆ. ಅಂದರೆ ಮೊದಲು 21, ಕೊನೆ 6. ಅದೇ ರಾತ್ರಿ 10ರಿಂದ 11ರ ವರೆಗೆ ಯಾರಾದರೂ ಸಭೆ ಕೇಳಿದರೆ: 21 ಎನ್ನುವುದು 23ಕ್ಕಿಂತ ಕಡಿಮೆ, ಸರಿ, 22 ಎನ್ನುವುದು 6ಕ್ಕಿಂತ ಕಡಿಮೆಯೇ? ಅಲ್ಲ. ಹಾಗಾದರೆ ಭವನ ಖಾಲಿ ಇದೆ, ರಂಗದ ಮೇಲೆ ಬಣ್ಣದ ವೇಷ ಕುಣಿಯುತ್ತಿರುವಾಗ ಸಭೆ ನಡೆಸಿಕೊಳ್ಳಿ! ಸುಂದರವಾದ ಆ ಒಂದು ಸಾಲು ಒಂದು ನಂಬಿಕೆಯ ಮೇಲೆ ನಿಂತಿದೆ: ಪ್ರತಿ ವ್ಯಾಪ್ತಿಯಲ್ಲೂ ಮೊದಲು ಎನ್ನುವುದು ಕೊನೆಗಿಂತ ಮೊದಲೇ ಇದೆ ಎಂದು. ಆ ನಂಬಿಕೆಯನ್ನು ಬೇರೆಯಾಗಿ ಕಾಯಬೇಕು. ದಿನಾಂಕ ಮತ್ತು ಗಂಟೆಯನ್ನು ಒಂದೇ ಅಂಕಣದಲ್ಲಿ ಸೇರಿಸಿದೆ. ಕೊನೆ ಮೊದಲಿಗಿಂತ ಹಿಂದೆ ಬಿದ್ದರೆ ಉಳಿಸಲು ಬಿಡಬಾರದು ಎಂದೂ ಬರೆದೆ.

ರಸೀದಿಯ ಕಡೆಯೂ ಅದೇ ನಂಬಿಕೆ ಒಂದು ಕಡೆ ಮುರಿದಿತ್ತು. ಸಂಖ್ಯೆಯ ಅಂಕಣವನ್ನು ಪಠ್ಯವಾಗಿ ಇಟ್ಟಿದ್ದೆ. ಪಠ್ಯದ ಲೆಕ್ಕದಲ್ಲಿ ‘951’ ಎನ್ನುವುದು ‘1000’ಕ್ಕಿಂತ ದೊಡ್ಡದು, ಮೊದಲ ಅಕ್ಷರ 9 ತಾನೆ. 951ರಿಂದ 1000ರ ಪುಸ್ತಕ ಐದು ವರ್ಷ ತಲೆಕೆಳಗಾಗಿ ನಿಂತಿತ್ತು. ಅಂಕಣವನ್ನು ಸಂಖ್ಯೆಯಾಗಿ ಬದಲಿಸಿದೆ.

ಹಳೆಯದನ್ನು ಜಾಲಾಡಿದ್ದು

ಬಾಗಿಲು ಭದ್ರವಾಯಿತು, ಒಳಗೆ ಆಗಲೇ ಯಾರು ನುಗ್ಗಿದ್ದಾರೆ ಎಂದು ನೋಡಬೇಕಿತ್ತು. ಪುಸ್ತಕಗಳ ದಾಖಲೆಗಳು ಒಟ್ಟು 312. ಎಲ್ಲವನ್ನೂ ಎಲ್ಲದರೊಂದಿಗೆ ಹೋಲಿಸಿದರೆ 48,516 ಜೋಡಿ. ಯಂತ್ರಕ್ಕೆ ಕಣ್ಣು ಮಿಟುಕಿಸುವಷ್ಟು ಕೆಲಸ. ನಾನು ಜಾಣತನ ತೋರಿಸಲು ಹೋಗಿ, ಮೊದಲ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಅಕ್ಕಪಕ್ಕದವನ್ನು ಮಾತ್ರ ಹೋಲಿಸಿದೆ. ಒಂದು ತಕರಾರು ಸಿಕ್ಕಿತು: ಕುಮಟಾದ್ದು. ಗೊಂದಲವೇನಾದರೂ ಇದೆಯೇ ಎಂಬ ಪ್ರಶ್ನೆಗೆ ಅಕ್ಕಪಕ್ಕ ನೋಡಿದರೆ ಸಾಕು. ಎಷ್ಟಿದೆ ಎಂಬ ಪ್ರಶ್ನೆಗೆ ಸಾಲದು. 4001–4250ರ ಪಕ್ಕದಲ್ಲಿ 4051–4100 ನಿಂತಿದೆ, ಅದರ ಪಕ್ಕದಲ್ಲಿ ಮೂರನೆಯದು. ಮೂರನೆಯದು ಎರಡನೆಯದಕ್ಕೆ ತಾಗದಿದ್ದರೂ ಮೊದಲನೆಯದರ ಹೊಟ್ಟೆಯೊಳಗೆ ಇರಬಹುದು. ಸಾಲಿನುದ್ದಕ್ಕೂ ಈವರೆಗೆ ಕಂಡ ಅತಿ ದೊಡ್ಡ ಕೊನೆಯನ್ನು ನೆನಪಿಟ್ಟುಕೊಂಡು ಸಾಗಬೇಕು. ಹಾಗೆ ನೋಡಿದಾಗ 4201–4250 ಕೂಡ ಸಿಕ್ಕಿತು. ಅದನ್ನು ಜನವರಿಯಲ್ಲಿ ಯಾರೋ ಮುಖ್ಯ ಕಚೇರಿಯ ಹೆಸರಿಗೆ ಮುಂಗಡವಾಗಿ ಬರೆದು, ಪುಸ್ತಕವನ್ನು ಕಟ್ಟಿನಲ್ಲೇ ಬಿಟ್ಟಿದ್ದರು. ಒಂದು ಹಾಳೆಯೂ ಹರಿದಿರಲಿಲ್ಲ. ಗಮನಿಸಿ: ಇಲ್ಲಿ ಹೊಸದರ ಕೊನೆ 4250 ಹಳೆಯದರ ಒಳಗೇ ಇದೆ, ನನ್ನ ಹಳೆಯ ಷರತ್ತೂ ಇದನ್ನು ತಡೆಯಬೇಕಿತ್ತು. ತಡೆದಿತ್ತು. ಆದರೆ ಆ ದಿನ ಎರಡು ಗಣಕಯಂತ್ರಗಳಲ್ಲಿ ಇಬ್ಬರು ಕುಳಿತಿದ್ದರೇ ಎಂದು ಹುಡುಕಿದರೆ, ಹಾಗೂ ಇರಲಿಲ್ಲ. ತಡೆದಾಗ ಬಂದ ಎಚ್ಚರಿಕೆಗೆ ‘ಆದರೂ ಉಳಿಸು’ ಎಂಬ ಗುಂಡಿ ಕೊಟ್ಟವನು ನಾನೇ. ಅದನ್ನು ಒತ್ತಿದ್ದಾರೆ. ಗುಂಡಿಯನ್ನು ಕಿತ್ತುಹಾಕಿದೆ.

ಇಬ್ಬರು ಒಂದೇ ಕ್ಷಣ ಉಳಿಸುವ ಅಪಾಯ ಇಲ್ಲಿ ಸಂಭವಿಸದಿದ್ದರೂ ನಿಜವಾದದ್ದೇ. ಇಬ್ಬರ ಪರೀಕ್ಷೆಯೂ ಪಾಸಾಗಿ, ನಂತರ ಇಬ್ಬರೂ ಬರೆದುಬಿಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ (ಅದೊಂದು ದತ್ತಸಂಚಯ, ಅಂದರೆ ಡೇಟಾಬೇಸ್) ಇದಕ್ಕೆ ದತ್ತಸಂಚಯವೇ ಕಾವಲು ಕಾಯುತ್ತದೆ. ವ್ಯಾಪ್ತಿ ಎಂಬ ದತ್ತಾಂಶ ಬಗೆ 2012ರ 9.2 ಆವೃತ್ತಿಯಿಂದಲೇ ಅದರಲ್ಲಿದೆ, ಒಂದರ ಮೇಲೊಂದು ಬರುವ ವ್ಯಾಪ್ತಿಗಳನ್ನು ಕೋಷ್ಟಕಕ್ಕೇ ಬಾರದಂತೆ ನಿರ್ಬಂಧಿಸಬಹುದು. ಇಲ್ಲಿರುವುದು ಇನ್ನೊಂದು ದತ್ತಸಂಚಯ, ಮೈಎಸ್‌ಕ್ಯೂಎಲ್. ಅದರಲ್ಲಿ ಆ ಸೌಲಭ್ಯವಿಲ್ಲ.

ಕೊನೆಗೆ ಪುಸ್ತಕದ ಕಡೆ ನಾನು ವ್ಯಾಪ್ತಿಯ ಹೋಲಿಕೆಯನ್ನೇ ಬಹುಮಟ್ಟಿಗೆ ಬಿಟ್ಟೆ. ಪುಸ್ತಕ ದಾಖಲಾದ ಕೂಡಲೇ ಪ್ರತಿ ಹಾಳೆಗೂ ಒಂದು ಸಾಲು ಸೃಷ್ಟಿಸಿ, ರಸೀದಿ ಸಂಖ್ಯೆಯನ್ನು ಅನನ್ಯ ಎಂದು ಘೋಷಿಸಿದೆ. ಒಂದು ಸಂಖ್ಯೆ ಎರಡನೆಯ ಬಾರಿ ಬಂದರೆ ಮೈಎಸ್‌ಕ್ಯೂಎಲ್ ತಾನೇ ತಿರಸ್ಕರಿಸುತ್ತದೆ, ಇಬ್ಬರು ಒಟ್ಟಿಗೆ ಒತ್ತಿದರೂ. ಕೆಲವು ಸಾವಿರ ಸಾಲುಗಳು ಹೆಚ್ಚಾದವು, ಅದೇನು ಮಹಾ. ರದ್ದಾದ ರಸೀದಿಯನ್ನು ಗುರುತು ಹಾಕಬೇಕೆಂದು ಕಾರ್ಯದರ್ಶಿಯವರು ಮೂರು ವರ್ಷದಿಂದ ಕೇಳುತ್ತಿದ್ದುದಕ್ಕೂ ಜಾಗ ಸಿಕ್ಕಿತು. ‘ಮೊದಲು-ಕೊನೆ’ಯ ಸಾಲು ಈಗ ಪರದೆಯ ಮೇಲೆ ತಕರಾರು ಯಾವ ಪುಸ್ತಕದ್ದು ಎಂದು ಹೇಳುವುದಕ್ಕೆ ಮಾತ್ರ. ಸಭಾಭವನಕ್ಕೆ ಈ ಉಪಾಯ ನಡೆಯುವುದಿಲ್ಲ, ಕಾಲಕ್ಕೆ ಹಾಳೆಗಳಿಲ್ಲ.

ಹೊಂದಾಣಿಕೆ ನಮೂದು ಹಾಕಿ 41,650 ರೂಪಾಯಿಯನ್ನು ಕಾರವಾರದಿಂದ ಕುಮಟಾಕ್ಕೆ ತಿರುಗಿಸಿದೆವು. ಅನಾಮತ್ತು ಖಾತೆ ಸೊನ್ನೆಗೆ ಬಂತು. ಕಾರವಾರದ ಕ್ಯಾಶಿಯರ್ ಒಂದು ಪತ್ರ ಕೇಳಿದರು. ತಾಂತ್ರಿಕ ದೋಷದಿಂದ ವ್ಯತ್ಯಾಸ ಉಂಟಾಗಿತ್ತು ಎಂದು ಕಾರ್ಯದರ್ಶಿಯವರು ಬರೆಸಿ ಕಳುಹಿಸಿದರು. ಎರಡು ದಿನದ ನಂತರ ಆ ಕ್ಯಾಶಿಯರ್ ನನಗೇ ಫೋನ್ ಮಾಡಿದರು.

"ಸರ್, ತಾಂತ್ರಿಕ ದೋಷ ಅಂದರೆ ನಾನು ಕಂಪ್ಯೂಟರ್ ಸರಿಯಾಗಿ ಬಳಸಲಿಲ್ಲ ಎಂದು ಓದುತ್ತಾರೆ. ಎರಡು ತಿಂಗಳು ನನ್ನನ್ನು ನೋಡಿದ ರೀತಿಯಲ್ಲಿ ಹಾಗೆಯೇ ಓದುತ್ತಾರೆ."

"ಏನು ಬರೆಯಬೇಕು ಹೇಳಿ ಮೇಡಂ."

"ತಂತ್ರಾಂಶ ಬರೆದವರ ತಪ್ಪು ಎಂದು. ಕೆಳಗೆ ನಿಮ್ಮ ಸಹಿ."

ಹಾಗೆಯೇ ಬರೆದು, ಯಾವ ಷರತ್ತು ಎಲ್ಲಿ ತಪ್ಪಿತ್ತು ಎನ್ನುವುದನ್ನೂ ಎರಡು ಸಾಲಿನಲ್ಲಿ ಸೇರಿಸಿ, ಸಹಿ ಹಾಕಿ ಕಳುಹಿಸಿದೆ. ಆಡಳಿತ ಮಂಡಳಿಯ ಮುಂದಿನ ಸಭೆಯ ನಡಾವಳಿಯಲ್ಲಿ ಅದನ್ನು ಪೂರ್ತಿಯಾಗಿ ಬರೆಸಬೇಕೆಂದು ಅವರು ಪಟ್ಟು ಹಿಡಿದರಂತೆ. ಬರೆಸಿದ್ದಾರೆ.